ಇದ್ದಿಲು ಸುಡುವವನು

ಗುರು ನಿರ್ವಾಣಸ್ವಾಮಿಗಳು ದಿನದಿಂದ ದಿನಕ್ಕೆ ಸೊರಗುತ್ತಿದ್ದರು. ಮೂರು ಹೊತ್ತೂ ಬೆಲ್ಲದ ಗಂಜಿ ಕುಡಿದರೂ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು.

ಕುಡಿದದ್ದೆಲ್ಲ ಎಲ್ಲಿಗೆ ಹೋಗುತ್ತಿದೆ? ಶಿಷ್ಯ ಕೆಂಪಯ್ಯನಿಗೆ ಅನುಮಾನ ಹೊಕ್ಕಿತು. ಕಾಮಾಲೆ ಕಣ್ಣಿಗೆ ಊರೆಲ್ಲ ಹಳದಿ.

ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲಿ ಇಣುಕಿದ. ಅಡುಗೆಯ ಪುಟ್ಟನಂಜಮ್ಮ ಸೆರಗಿನ ಗಂಟು ಬಿಚ್ಚಿ, ಅತ್ತಿತ್ತ ನೋಡಿ, ಗಂಜಿಗೆ ಬಿಳಿ ಪುಡಿ ಬೆರೆಸಿದಳು. ಇದು ವಿಷವೇ ಎಂದುಕೊಂಡ.

ಗುರುಗಳಿಗೆ ಬಟ್ಟಲು ಒಯ್ದು ಕೊಡುವವನು ಶಿಷ್ಯನೇ ಆಗಬೇಕೆಂಬುದು ಆಶ್ರಮದ ಪದ್ಧತಿ. ಅಂದಿನಿಂದ ಕೆಂಪಯ್ಯ ಅವಳ ಗಂಜಿಯನ್ನು ಹೊಳೆಗೆ ಸುರಿದ. ತಾನೇ ಕುದಿಸಿದ ಅಕ್ಕಿಯ ತಿಳಿ ಒಯ್ದುಕೊಟ್ಟ. ಉಳಿದ ಶಿಷ್ಯರ ಕಿವಿಯಲ್ಲೂ ಊದಿದ. ನಂಜಮ್ಮನ ಜೊತೆ ಎಲ್ಲರೂ ಮಾತು ಬಿಟ್ಟರು.

ಎಂಟನೆಯ ದಿನ ಗುರುಗಳು ಮೆಟ್ಟಿಲು ಹತ್ತಲಾರದೆ ಹೊಳೆದಂಡೆಯಲ್ಲೇ ಕುಳಿತರು.

“ಈಚೆಗೆ ಗಂಜಿ ಸಪ್ಪೆ, ಕೆಂಪಯ್ಯ. ನನ್ನ ನಾಲಿಗೆ ಕೆಟ್ಟಿದೆಯೋ, ಗಂಜಿ ಕೆಟ್ಟಿದೆಯೋ?”

ಕೆಂಪಯ್ಯ ಎಲ್ಲವನ್ನೂ ಹೇಳಿದ. “ಅವಳು ವಿಷ ಹಾಕ್ತಿದ್ದಾಳೆ ಗುರುಗಳೇ. ಕಣ್ಣಾರೆ ಕಂಡೆ. ಇವತ್ತೇ ಆಚೆಗೆ ಕಳಿಸಿ.”

ಗುರುಗಳು ನೀರನ್ನೇ ನೋಡುತ್ತ ಕೇಳಿದರು. “ನಿಮ್ಮಪ್ಪ ಇದ್ದಿಲು ಸುಡ್ತಿದ್ದನಲ್ಲ, ಹೇಗೆ?”

“ಸೌದೆ ಒಟ್ಟಿ, ಮೇಲೆ ಮಣ್ಣು ಮುಚ್ಚಿ ಬೆಂಕಿ ಹಾಕೋದು. ಗಾಳಿ ಆಡಬಾರದು. ಆಡಿದ್ರೆ ಪೂರ್ತಿ ಉರಿದು ಬೂದಿಯಾಗುತ್ತೆ.”

“ಗಾಳಿ ಬೇಕಾದಷ್ಟಿದ್ದೂ ಒಬ್ಬ ಅರೆಬರೆ ಸುಟ್ಟರೆ?”

“ಅವನಿಗೆ ಉರಿ ಬೇಕಿಲ್ಲ. ಇದ್ದಿಲು ಬೇಕು.”

“ಅಂಥವನೊಬ್ಬ ನನ್ನ ಹೊಟ್ಟೇಲಿದ್ದಾನೆ. ಡಾಕ್ಟರು ಕ್ಯಾನ್ಸರ್ ಅಂದ್ರು. ಸಕ್ಕರೆ ಸಿಕ್ಕಷ್ಟೂ ಬಾಚ್ಕೊಳ್ತಾನೆ. ಗಾಳಿ ಇದ್ರೂ ಪೂರ್ತಿ ಉರಿಸಲ್ಲ. ಅರೆ ಸುಟ್ಟಿದ್ದರಲ್ಲಿ ತನ್ನ ಮನೆ ಕಟ್ಕೊಳ್ತಾನೆ. ಮಿಕ್ಕಿದ್ದು ಹುಳಿಯಾಗುತ್ತೆ, ಅದನ್ನ ಸುತ್ತಲಿನ ಒಳ್ಳೆ ಜೀವಕೋಶಗಳ ಮೇಲೆ, ತನ್ನ ನೆರೆಯವರ ಮೇಲೆ, ಸುರೀತಾನೆ. ಅವರು ಕೆಟ್ಟಷ್ಟೂ ಇವನಿಗೆ ಜಾಗ.”

ಕೆಂಪಯ್ಯನ ಅನುಮಾನ ಮಾತ್ರ ಸಾಯಲಿಲ್ಲ, ಬೇರೆ ಮನೆ ಹುಡುಕಿತು.

“ಹಾಗಾದ್ರೆ ಬೆಲ್ಲವೇ ವೈರಿ. ಗಂಜೀನೇ ನಿಲ್ಲಿಸೋಣ. ಅವನು ಉಪವಾಸ ಸಾಯ್ಲಿ.”

“ಎಂಟು ದಿನ ನಿಲ್ಲಿಸಿದ್ದೆಯಲ್ಲ. ಅವನು ನನ್ನ ಮಾಂಸ ಕರಗಿಸಿ ತಿಂದ. ಉಪವಾಸ ಬಿದ್ದೋನು ನಾನು.”

“ಆ ಪುಡಿ?”

“ಮೈ ತುಂಬಿಕೊಳ್ಳಲಿ ಅಂತ ಡಾಕ್ಟರು ಕೊಟ್ಟದ್ದು. ನೀವೆಲ್ಲ ಹೆದರ್ತೀರಿ ಅಂತ ನಾನೇ ನಂಜಮ್ಮನಿಗೆ ಬಚ್ಚಿಡೋಕೆ ಹೇಳಿದ್ದೆ. ಬರೋ ಸೋಮವಾರ ಆಪರೇಷನ್ ಇತ್ತು. ನಿನ್ನೆ ಡಾಕ್ಟರು ನೋಡಿದ್ರು. ಈ ಮೈ ಕತ್ತಿ ತಾಳಲ್ಲ, ಒಂದು ತಿಂಗಳು ಉಂಡು ಬಾ ಅಂದ್ರು.”

“ಒಂದು ತಿಂಗಳು ಅವನು ಸುಮ್ಮನಿರ್ತಾನಾ?”

ಗುರುಗಳು ಮತ್ತೆ ನೀರಿನತ್ತ ತಿರುಗಿದರು.

ಕೆಂಪಯ್ಯ ಕಾಲಿಗೆ ಬಿದ್ದು ಅತ್ತ. ತನ್ನ ಕೈಯಾರೆ ಗುರುವನ್ನು ಕೊಂದೆನೇನೋ ಎಂದುಕೊಂಡ. “ತಪ್ಪಾಯ್ತು. ಇನ್ನು ಯಾರನ್ನೂ ಅನುಮಾನಿಸಲ್ಲ.”

ಗುರುಗಳು ಅವನ ಹೆಗಲು ಹಿಡಿದು ಎದ್ದರು. ಇಬ್ಬರೂ ನಿಧಾನವಾಗಿ ಅಡುಗೆಮನೆಗೆ ನಡೆದರು.

ಪುಟ್ಟನಂಜಮ್ಮ ಬಿಸಿ ಗಂಜಿಯ ಬಟ್ಟಲನ್ನು ಕೆಂಪಯ್ಯನ ಕೈಗಿತ್ತಳು.

ಅವನು ಗುರುಗಳ ಕಡೆ ತಿರುಗುವ ಮೊದಲು, ತನಗೇ ಅರಿವಿಲ್ಲದೆ, ಬಟ್ಟಲನ್ನು ಮೂಗಿನ ಹತ್ತಿರ ಹಿಡಿದ.

ಗುರುಗಳು ನೋಡಿದರು. ನಂಜಮ್ಮನೂ ನೋಡಿದಳು.

“ನನ್ನೊಳಗಿರೋನನ್ನ ಕೊಯ್ಯೋಕೆ ಡಾಕ್ಟರಿದ್ದಾರೆ,” ಎಂದರು ಗುರುಗಳು. “ನಿನ್ನನ್ನ ಯಾರ ಹತ್ತಿರ ಕರ್ಕೊಂಡು ಹೋಗ್ಲಿ, ಕೆಂಪಯ್ಯ?”