ಒಂದೇ ಹೂವಿನ ಸೀರೆ

“ಗುರುಗಳೇ, ಮಠದ ಹಿರಿಯರು ನಿಮ್ಮನ್ನು ಮುಂಗೋಪಿ ಎನ್ನುತ್ತಾರೆ. ಅವರ ಬಳಿಕ ಬಂದವರು ನಿಮ್ಮಷ್ಟು ನಗಿಸುವವರನ್ನು ಕಂಡೇ ಇಲ್ಲ ಎನ್ನುತ್ತಾರೆ. ನಾನು ಬಂದಾಗಿನಿಂದ ನೀವು ಮಾತಾಡುವುದೇ ಅಪರೂಪ. ಇವುಗಳಲ್ಲಿ ನಿಮ್ಮ ನಿಜ ಸ್ವರೂಪ ಯಾವುದು?”

ಹೀಗೆ ಕೇಳಿದವನು ಮೃತ್ಯುಂಜಯ, ಶಿಷ್ಯರಲ್ಲಿ ಎಲ್ಲರಿಗಿಂತ ಕೊನೆಗೆ ಬಂದವನು. ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಚಿತ್ರಗಾರ್ತಿ ಇದ್ದಳು. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದು ಅವಳ ಕಸುಬು. ಅವಳಿಗೆ ಇಬ್ಬರು ಅಣ್ಣಂದಿರು, ಒಬ್ಬ ಅಕ್ಕ. ಅವಳು ತೊಟ್ಟಿಲಲ್ಲಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ತಾಯಿಯದೆಂದು ಉಳಿದದ್ದು ಕಪ್ಪುಬಿಳುಪಿನ ಒಂದು ಫೋಟೋ ಮಾತ್ರ. ಅದೂ ಮಸುಕಾಗುತ್ತ ಬಂದಿತ್ತು. ದೊಡ್ಡಣ್ಣ ಹೊಸ ಮನೆ ಕಟ್ಟಿಸಿದಾಗ, ನಡುಮನೆಯಲ್ಲಿ ತೂಗುಹಾಕಲು ಅಮ್ಮನ ಚಿತ್ರವೊಂದನ್ನು ಬಣ್ಣದಲ್ಲಿ ಬರೆದುಕೊಡು ಎಂದು ತಂಗಿಯನ್ನು ಕೇಳಿದ.

ಅವಳು ಫೋಟೋ ನೋಡಿಕೊಂಡು ಬರೆದಳು. ಮುಖ ಬಂತು, ಕೈ ಬಂತು. ಸೀರೆಯ ತುಂಬ ಚಿಕ್ಕ ಚಿಕ್ಕ ಹೂಗಳಿದ್ದವು. ಅಷ್ಟನ್ನೂ ಒಂದೊಂದಾಗಿ ಬರೆಯುವ ಕಷ್ಟ ಅವಳ ಕಸುಬಿನಲ್ಲಿ ಇಲ್ಲ. ಒಂದೇ ಒಂದು ಹೂವನ್ನು ಬರೆದು ಕಂಪ್ಯೂಟರಿಗೆ ಒಪ್ಪಿಸಿದರೆ, ಅದೇ ಹೂವು ಸೀರೆಯ ತುಂಬ ಹರಡಿಕೊಳ್ಳುತ್ತದೆ. ಬಣ್ಣ ಬದಲಿಸಬೇಕೆಂದರೆ ಸೀರೆಯನ್ನು ಮುಟ್ಟುವಂತಿಲ್ಲ. ಸೀರೆಗೆ ನೇರವಾಗಿ ಬಣ್ಣ ಕೊಟ್ಟರೆ ಹೂಗಳೆಲ್ಲ ಅಳಿಸಿಹೋಗಿ ಬರೀ ಬಣ್ಣ ಉಳಿಯುತ್ತದೆ. ಆ ಒಂದು ಹೂವನ್ನು ತೆರೆದು ಅಲ್ಲಿ ಬಣ್ಣ ಬದಲಿಸಬೇಕು. ಆಗ ಸೀರೆಯೆಲ್ಲ ತಾನಾಗಿ ಬದಲಾಗುತ್ತದೆ.

ಯಾವ ಬಣ್ಣ ಎಂದು ಅವಳು ದೊಡ್ಡಣ್ಣನನ್ನು ಕೇಳಿದಳು. ಹಳದಿ ಎಂದ. ಹಳದಿ ಮಾಡಿ ತೋರಿಸಿದಳು. ಅವನು ನೋಡಿ, ಶಾಲೆಯ ಬಾಗಿಲಲ್ಲಿ ನನ್ನನ್ನು ಬಿಟ್ಟುಹೋಗುತ್ತಿದ್ದ ಅಮ್ಮ ಇವಳೇ ಎಂದು ಕಣ್ಣು ಒರೆಸಿಕೊಂಡ.

ಅಕ್ಕ ಬಂದು ನೋಡಿದಳು. ಅಮ್ಮ ಹಳದಿ ಉಟ್ಟದ್ದೇ ಇಲ್ಲ, ಹಸಿರು ಎಂದಳು. ಚಿತ್ರಗಾರ್ತಿ ಹೂವನ್ನು ತೆರೆದು ಹಸಿರು ಮಾಡಿದಳು. ಅಕ್ಕ ಪರದೆಯ ಮೇಲೆ ಕೈಯಿಟ್ಟು ತುಂಬ ಹೊತ್ತು ಹಾಗೇ ಕುಳಿತಳು. ಚಿಕ್ಕಣ್ಣ ಇಬ್ಬರ ಮಾತನ್ನೂ ಒಪ್ಪಲಿಲ್ಲ. ಅದು ಕಾಫಿಪುಡಿಯ ಬಣ್ಣ, ಆ ಸೆರಗಿನಡಿಯಲ್ಲಿ ತಾನು ಮಲಗುತ್ತಿದ್ದೆ ಎಂದ. ಆ ಬಣ್ಣ ಹಾಕಿದಾಗ ಅವನೂ ಮಗುವಿನಂತೆ ಅತ್ತ.

ಎಲ್ಲರನ್ನೂ ಮೆಚ್ಚಿಸೋಣವೆಂದು ಅವಳು ಹೂವಿನ ಒಂದು ಎಸಳಿಗೆ ಹಳದಿ, ಪಕ್ಕದ್ದಕ್ಕೆ ಹಸಿರು, ಅದರ ಪಕ್ಕದ್ದಕ್ಕೆ ಕಾಫಿ ಬಣ್ಣ ಕೊಟ್ಟಳು. ಮೂವರೂ ನೋಡಿದರು. ಯಾರಿಗೂ ಅಮ್ಮ ಸಿಗಲಿಲ್ಲ. ಇವಳು ಯಾರೋ ಬೇರೆ ಹೆಂಗಸು ಎಂದು ಚಿಕ್ಕಣ್ಣ ಎದ್ದುಹೋದ.

ಮಾತಿಗೆ ಮಾತು ಬೆಳೆಯಿತು. ಹೆತ್ತವಳ ಸೀರೆ ನೆನಪಿಲ್ಲದವರು ಅವಳ ಮಕ್ಕಳೇ ಅಲ್ಲ ಎಂದು ದೊಡ್ಡಣ್ಣ ಅಂದುಬಿಟ್ಟ. ಹಳದಿ ಸೀರೆಯ ಚಿತ್ರವಿರುವ ಮನೆಗೆ ಕಾಲಿಡುವುದಿಲ್ಲ ಎಂದು ಅಕ್ಕ ಹೊರಟುಹೋದಳು. ಗೃಹಪ್ರವೇಶ ಹತ್ತಿರ ಬಂದರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಚಿತ್ರಗಾರ್ತಿಗೆ ಮಾತ್ರ ಹೇಳಲು ಯಾವ ಬಣ್ಣವೂ ಇರಲಿಲ್ಲ. ಅವರಿಗೆ ಜಗಳವಾಡಲಾದರೂ ಒಂದು ನೆನಪಿದೆಯಲ್ಲ ಎಂದು ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಒಂದು ಮಧ್ಯಾಹ್ನ ಸುಮ್ಮನೆ ಕುಳಿತು ಹೂವಿನ ಬಣ್ಣ ಬದಲಿಸುತ್ತ ಹೋದಳು. ಸೀರೆ ನಸುಕಿನಂತೆ ತಿಳಿಯಾಯಿತು, ಕೆರೆಯಂತೆ ಹಸಿರಾಯಿತು, ಮುಸ್ಸಂಜೆಯಂತೆ ಕಂದಿತು. ನೋಡುತ್ತ ನೋಡುತ್ತ ಕಣ್ಣು ಮುಚ್ಚಿತು. ಕನಸಿನಲ್ಲಿ ತಾಯಿ ಬೆನ್ನು ಮಾಡಿ ನಡೆದುಹೋಗುತ್ತಿದ್ದಳು. ಒಂದೊಂದು ಹೆಜ್ಜೆಗೂ ಸೀರೆಯ ಬಣ್ಣ ಬೇರೆಯಾಗುತ್ತಿತ್ತು. ಹೂವು ಮಾತ್ರ ಅದೇ. ಅಮ್ಮ ಎಂದು ಕೂಗಬೇಕೆನ್ನುವಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು.

ಬಂದವಳು ಚಿಕ್ಕಮ್ಮ, ತಾಯಿಯ ತಂಗಿ. ಗೃಹಪ್ರವೇಶಕ್ಕೆಂದು ದೂರದ ಊರಿಂದ ಬಂದಿದ್ದಳು. ಚಿತ್ರಗಾರ್ತಿ ಅವಳನ್ನು ಒಳಗೆ ಕೂರಿಸಿ, ಜಗಳದ ಸಂಗತಿಯನ್ನೆಲ್ಲ ಹೇಳಿ, ಒಂದೊಂದೇ ಬಣ್ಣವನ್ನು ತೋರಿಸಿದಳು. ಚಿಕ್ಕಮ್ಮ ಹಳದಿಗೂ ಹೌದೆಂದಳು, ಹಸಿರಿಗೂ ಹೌದೆಂದಳು, ಕಾಫಿ ಬಣ್ಣಕ್ಕೂ ಹೌದೆಂದಳು.

“ಮೂರು ಸೀರೆ ಇದ್ದವೇ ಚಿಕ್ಕಮ್ಮ?”

“ಮೂರೆಲ್ಲಿಂದ ಬರಬೇಕು ಮಗಳೇ? ಹೊರಗೆ ಉಟ್ಟುಕೊಂಡು ಹೋಗಲು ಅಕ್ಕನಿಗೆ ಇದ್ದದ್ದು ಅದೊಂದೇ. ತಂದಾಗ ಹಳದಿ. ಮಾಸಿದ ಮೇಲೆ ನೀಲಿ ಪುಡಿ ಕುದಿಸಿ ಅದ್ದಿದಳು, ಹಸಿರಾಯಿತು. ಅದೂ ಮಾಸಿತು, ಕೆಂಪಿನಲ್ಲಿ ಅದ್ದಿದಳು, ಕಾಫಿ ಬಣ್ಣವಾಯಿತು. ಹೊಸ ಸೀರೆ ಎಂದುಕೊಂಡು ನಿನ್ನ ಅಣ್ಣಂದಿರು, ಅಕ್ಕ ಕುಣಿಯುತ್ತಿದ್ದರು.”

ಚಿಕ್ಕಮ್ಮ ಕೈಕಾಲು ತೊಳೆಯಲು ಒಳಗೆ ಹೋದಳು. ಚಿತ್ರಗಾರ್ತಿ ಮತ್ತೆ ಹೂವನ್ನು ತೆರೆದಳು. ಮೊದಲು ಅವಳು ಬಣ್ಣಗಳನ್ನು ಪಕ್ಕಪಕ್ಕ ಇಟ್ಟಿದ್ದಳು. ಈಗ ಒಂದರ ಮೇಲೊಂದು ಇಟ್ಟಳು. ಕೆಳಗೆ ಹಳದಿ, ಅದರ ಮೇಲೆ ತೆಳುವಾಗಿ ನೀಲಿ, ಅದರ ಮೇಲೆ ಇನ್ನೂ ತೆಳುವಾಗಿ ಕೆಂಪು. ಹೂವಿನ ಅಂಚಿನಲ್ಲಿ ಮೇಲಿನ ಬಣ್ಣಗಳನ್ನು ಒಂದಿಷ್ಟು ಹಿಂದಕ್ಕೆ ಸರಿಸಿದಳು. ಅಲ್ಲಿ ಒಳಗಿನ ಹಸಿರು ಇಣುಕಿತು, ಅದರಾಚೆಗೆ ಹಳದಿ ಇಣುಕಿತು.

ಗೃಹಪ್ರವೇಶದ ದಿನ ಚಿಕ್ಕಮ್ಮ ತಾನೇ ಹೋಗಿ ಅಕ್ಕನನ್ನೂ ಚಿಕ್ಕಣ್ಣನನ್ನೂ ಕರೆತಂದಳು. ಮೂವರೂ ಚಿತ್ರದ ಮುಂದೆ ನಿಂತರು. ಒಂದೇ ಸೀರೆಯ ಸಂಗತಿಯನ್ನು ಚಿಕ್ಕಮ್ಮ ಅವರಿಗೂ ಹೇಳಿದಳು. ದೊಡ್ಡಣ್ಣ ಹತ್ತಿರ ಹೋಗಿ ಹೂವಿನ ಅಂಚನ್ನು ಬೆರಳಿನಿಂದ ಸವರಿದ. ಆಮೇಲೆ ಮುನಿಸಿಕೊಂಡು ಹೋಗಿದ್ದ ತಂಗಿಯ ಕಡೆ ತಿರುಗಿ, ಊಟಕ್ಕೆ ಬಾ ಎಂದ. ಅವಳು ಬಂದಳು. ಆ ದಿನ ನಾಲ್ವರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು.

ಗುರುಗಳು ಕತೆ ನಿಲ್ಲಿಸಿದರು. ಮೃತ್ಯುಂಜಯನ ಮುಖ ಅರಳಿತು. ಹಾಗಾದರೆ ಮೂವರು ಕಂಡದ್ದೂ ನಿಜ, ಹಿರಿಯರು ಕಂಡದ್ದೂ ನಿಜ, ತಾನು ಕಂಡದ್ದೂ ನಿಜ, ತನಗೆ ಉತ್ತರ ಸಿಕ್ಕಿತು ಎಂದು ಹೇಳಿ ನಮಸ್ಕರಿಸಿ ಎದ್ದ.

ಗುರುಗಳು ಹೇಳಿದರು: “ಆ ತಾಯಿಗೆ ಯಾವ ಬಣ್ಣ ಇಷ್ಟವಿತ್ತೆಂದು ಮಾತ್ರ ಆ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ.”