ಫಕೀರಪ್ಪನ ಸ್ಮಾಲ್ ಬ್ರೇಕ್

ಹಾವೇರಿಯ ಸೀರೆ ಅಂಗಡಿಯ ಶೆಟ್ಟರಿಗೆ ಇಂಗ್ಲಿಷ್ ಹುಚ್ಚು ಹಿಡಿಯಿತು. "ಇನ್ಮ್ಯಾಲೆ ಅಂಗಡ್ಯಾಗ ಇಂಗ್ಲಿಷ್ ಮಾತ್ರ! ಸಿನಿಮಾ ಸ್ಟಾರ್‌ಗಳ ಇಂಟರ್‌ವ್ಯೂ ನೋಡಿ ಕಲೀರಿ. ನಾನೂ ಹಂಗ ಕಲ್ತೇನಿ" ಅಂತ ಹುಕುಂ ಹೊರಡಿಸಿದರು. ಬಂದ ಗಿರಾಕಿಗೆಲ್ಲ ಶೆಟ್ಟರು ಕೈಮುಗಿದು "ವೆಲ್ಕಮ್ ಟು ದಿ ಶೋ" ಅನ್ನತೊಡಗಿದರು.

ಸೇಲ್ಸ್‌ಮನ್ ಫಕೀರಪ್ಪನೂ ಕಲಿತ. ಬಣ್ಣ ಹೋಗ್ತದೇನು ಅಂತ ಗಿರಾಕಿ ಕೇಳಿದರೆ "ನೋ ಕಾಮೆಂಟ್ಸ್" ಅಂದ. ಅಟ್ಟದ ಗಂಟು ಇಳಿಸು ಅಂತ ಶೆಟ್ಟರು ಸನ್ನೆ ಮಾಡಿದರೆ "ದಟ್ ರೋಲ್ ಈಸ್ ನಾಟ್ ಫಾರ್ ಮಿ" ಅಂದ. ಶೆಟ್ಟರು ಹಲ್ಲು ಕಡಿದರು. ಆದರೆ ಹುಕುಂ ಅವರದೇ.

ಅಷ್ಟರಲ್ಲಿ ಫಕೀರಪ್ಪನ ಬಸುರಿ ತಂಗಿಯ ಕುಬಸ, ಅಂದರೆ ಸೀಮಂತ, ಬಂತು. ಕನ್ನಡದಲ್ಲಿ ಕೇಳಿದಾಗೆಲ್ಲ ಶೆಟ್ಟರು ರಜೆ ಕೊಟ್ಟವರಲ್ಲ. ಫಕೀರಪ್ಪ ಅಂಗಡಿ ತುಂಬುವತನಕ ಕಾದು, ಎಲ್ಲರೆದುರು ಕೈಮುಗಿದ.

"ಐ ಆ್ಯಮ್ ಟೇಕಿಂಗ್ ಎ ಸ್ಮಾಲ್ ಬ್ರೇಕ್, ಸರ್. ಟು ಸ್ಪೆಂಡ್ ಟೈಮ್ ವಿತ್ ಮೈ ಫ್ಯಾಮಿಲಿ."

ಗಿರಾಕಿಗಳೆಲ್ಲ ಶೆಟ್ಟರ ಬಾಯಿ ನೋಡಿದರು. ಪಾಪ, ಶೆಟ್ಟರು ಕಲಿತದ್ದು ಪ್ರಶ್ನೆ ಕೇಳುವವರ ಇಂಗ್ಲಿಷ್. ಸ್ಟಾರ್‌ಗೆ "ಆಗೋದಿಲ್ಲ" ಅಂದ ಆ್ಯಂಕರ್‌ನನ್ನು ಅವರು ಕಂಡೇ ಇರಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು ಒಂದೇ ಮಾತು:

"ಥ್ಯಾಂಕ್ಯೂ ಸೋ ಮಚ್! ಆಲ್ ದಿ ಬೆಸ್ಟ್!"

ಫಕೀರಪ್ಪ ಆಗಲೇ ಚಪ್ಪಲಿ ಮೆಟ್ಟಿದ್ದ.