ನೆರೆಮನೆಯ ಉಪ್ಪುನೀರು

“ಕೇಳಲಾರದವಗ ಎಷ್ಟು ದಿನ ಅಂತ ಹೇಳೂದ್ರಿ, ಅಯ್ಯನವರ? ಇನ್ನ ಬಿಟ್ಟುಬಿಡಲೇನು?”

ಕೇಳಿದವನು ಸತ್ಯಮಿತ್ರ. ಸುವಾರ್ತೆ ಸಾರುವ ಉಪದೇಶಿಯಾಗಬೇಕೆಂದು ಗುರುಗಳ ಬಳಿ ಓದುತ್ತಿದ್ದವನು. ಅವನ ಸಿಟ್ಟು ನೆರೆಮನೆಯ ಗೂಳಪ್ಪನ ಮೇಲೆ. ಇಬ್ಬರೂ ಒಂದೇ ಓಣಿಯಲ್ಲಿ ಆಡಿ ಬೆಳೆದವರು. ಹೆಂಡತಿ ತೀರಿಕೊಂಡ ಮೇಲೆ ಗೂಳಪ್ಪ ಯಾರೊಡನೆಯೂ ಮಾತಾಡದೆ ಮಂಕಾಗಿ ಕೂತುಬಿಟ್ಟಿದ್ದ. ಯೇಸುವಿನ ಪ್ರೀತಿ ತಿಳಿದರೆ ಗೆಳೆಯನ ಎದೆಯ ಭಾರ ಇಳಿಯುತ್ತದೆ ಎಂದು ಸತ್ಯಮಿತ್ರ ಮನಸಾರೆ ನಂಬಿದ್ದ. ವಾರ ವಾರವೂ ಹೋಗಿ ಹೇಳಿದ. ಈಗ ಅವನ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ಗೂಳಪ್ಪ ಬಾಗಿಲು ಹಾಕಿಕೊಳ್ಳುತ್ತಾನೆ.

“ಗ್ವಾಡಿಗೆ ಹೇಳಿದಂಗ ಆಗೇತ್ರಿ,” ಎಂದ ಸತ್ಯಮಿತ್ರ. “ನನಗ ಸಾಕಾಗಿ ಹೋಗೇತಿ.”

“ನನಗೂ ಸಾಕಾಗಿ ಹೋಗೇತಿ,” ಎಂದರು ಗುರುಗಳು. ಯಾರಿಂದ ಎಂದು ಸತ್ಯಮಿತ್ರ ಕೇಳಲಿಲ್ಲ. ವರ್ಷಕ್ಕೊಬ್ಬ ಶಿಷ್ಯನಾದರೂ ಬಂದು ಇದೇ ಪ್ರಶ್ನೆಯನ್ನು ಇದೇ ಮುಖ ಮಾಡಿಕೊಂಡು ಕೇಳುತ್ತಿದ್ದ. “ಕುಂದ್ರು. ಒಂದು ಕತಿ ಹೇಳ್ತೀನಿ. ಮುಗಿಯೂತನಕ ನಡುವ ಬಾಯಿ ಹಾಕಬ್ಯಾಡ.”

ಗುರುಗಳು ಕತೆ ಹೇಳಿದರು.

ಒಂದು ಊರು. ಅಲ್ಲಿಯ ಬಾವಿಗಳಲ್ಲೆಲ್ಲ ಉಪ್ಪುನೀರು. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ. ಹುಟ್ಟಿದಂದಿನಿಂದ ಕುಡಿದ ಜನ, ನೀರೆಂದರೆ ಹೀಗೆಯೇ ಇರುತ್ತದೆ ಎಂದುಕೊಂಡಿದ್ದರು. ಆ ಊರಿನ ಒಬ್ಬ ರೈತ ತನ್ನ ಹೊಲದಲ್ಲಿ ಹೊಸ ಬಾವಿ ತೋಡಿದ. ಅದರಲ್ಲಿ ಸಿಹಿನೀರು ಬಂತು.

ರೈತ ಒಳ್ಳೆಯವನು. ಸಿಹಿನೀರು ಕಂಡ ಕೂಡಲೇ ಅವನಿಗೆ ನೆನಪಾದವನು ನೆರೆಮನೆಯ ಗೆಳೆಯ. ಆ ಗೆಳೆಯನ ಹೆಂಡತಿ ಹೊಟ್ಟೆನೋವಿನಿಂದ ನರಳುತ್ತಿದ್ದಳು. ನೀರು ಬದಲಾಯಿಸದಿದ್ದರೆ ಈಕೆ ಉಳಿಯುವುದಿಲ್ಲ ಎಂದು ವೈದ್ಯ ಹೇಳಿ ಹೋಗಿದ್ದ. ರೈತ ಓಡುತ್ತಲೇ ಅವರ ಮನೆಗೆ ಹೋದ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ಮನೆಗೆ ಬಂದವರಿಗೆ ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಕೊಡುವುದು ಆ ಸೀಮೆಯ ರೂಢಿ. ಆಕೆ ನೋವಿನಲ್ಲಿಯೂ ಎದ್ದು ನೀರು ತಂದಳು. ರೈತ ಆ ಮನೆಯ ನೀರನ್ನು ಎಷ್ಟೋ ವರ್ಷ ಕುಡಿದವನೇ. ಅಂದು ಮಾತ್ರ ತಂಬಿಗೆಯನ್ನು ಕೈಯಿಂದ ಆಚೆ ಸರಿಸಿದ.

“ಇದನ್ನ ಕುಡದು ನಿನಗ ಈ ಗತಿ ಬಂದೈತಿ, ತಂಗಿ. ಚೆಲ್ಲು ಅದನ್ನ. ನಮ್ಮ ಬಾವಿಗೆ ಬಾ,” ಎಂದ.

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆಕೆ ತಂಬಿಗೆ ಹಿಡಿದುಕೊಂಡು ನಿಂತೇ ಇದ್ದಳು. ಗೆಳೆಯ ಎದ್ದು ಒಳಗೆ ಹೋದ.

ರೈತ ಮರುದಿನವೂ ಹೋದ, ಅದರ ಮರುದಿನವೂ ಹೋದ. ಹೋದಾಗಲೆಲ್ಲ ಆಕೆ ನೀರು ತರುವಳು, ಇವನು ಸರಿಸುವನು, ಉಪ್ಪುನೀರಿನ ಕೆಡುಕನ್ನು ಮೊದಲಿನಿಂದ ಪಾಠದಂತೆ ಒಪ್ಪಿಸುವನು. “ನಮ್ಮಪ್ಪ ಇದನ್ನ ಕುಡದು ಬಾಳಿದ, ನನಗೂ ಇದು ಸಾಕು,” ಎಂದು ಗೆಳೆಯ ಮುಖ ತಿರುಗಿಸುವನು. ಒಮ್ಮೆ ರೈತ ತಾನೇ ಒಂದು ಕೊಡ ಸಿಹಿನೀರು ಹೊತ್ತು ತಂದು ಅಂಗಳದಲ್ಲಿಟ್ಟು ಹೋದ. ಗೆಳೆಯ ಅದರಲ್ಲಿ ಎತ್ತಿನ ಮೈ ತೊಳೆದ. ಇತ್ತ ಆಕೆಯ ನೋವು ದಿನದಿನಕ್ಕೆ ಹೆಚ್ಚಾಯಿತು. ರೈತನಿಗೆ ಅನ್ನ ಸೇರಲಿಲ್ಲ, ನಿದ್ದೆ ಬರಲಿಲ್ಲ. ಅದು ಪ್ರೀತಿಯೇ, ಅಲ್ಲವೆಂದು ನಾನು ಹೇಳಲಾರೆ.

ಕೊನೆಗೆ ಅವನೂ ರೇಗಿದ. ಇವತ್ತು ಕಡೆಯ ಮಾತು ಹೇಳಿಬಿಡುತ್ತೇನೆ, ಕೇಳಿದರೆ ಕೇಳಲಿ, ಬಿಟ್ಟರೆ ಬಿಡಲಿ ಎಂದುಕೊಂಡು ಉರಿಬಿಸಿಲಿನಲ್ಲಿ ಹೊಲದಿಂದ ನೇರವಾಗಿ ಹೋದ. ಅಂಗಳದಲ್ಲಿ ನಿಂತು ಕೂಗಾಡಿದ. ಮೊಂಡರು ಎಂದ, ಮೂರ್ಖರು ಎಂದ, ಸಾಯಿರಿ ಎಂದೂ ಅಂದ. ಕೂಗಿ ಕೂಗಿ ಗಂಟಲು ಒಣಗಿತು. ಕೆಮ್ಮು ಹತ್ತಿ, ಮಾತು ಹೊರಡದೆ ಕಟ್ಟೆಯ ಮೇಲೆ ಕುಸಿದು ಕುಳಿತ. ಆಕೆ ಗೋಡೆ ಹಿಡಿದುಕೊಂಡು ಹೊರಗೆ ಬಂದು ತಂಬಿಗೆ ಚಾಚಿದಳು. ಅವನು ಅದನ್ನು ಕಸಿದುಕೊಂಡು ಗಟಗಟನೆ ಕುಡಿದ. ಸಾಲದೆ ಇನ್ನೊಂದು ತಂಬಿಗೆ ಬೇಡಿ ಅದನ್ನೂ ಕುಡಿದ.

ಗೆಳೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ. ನಿಧಾನವಾಗಿ ಬಂದು ಪಕ್ಕದಲ್ಲಿ ಕುಳಿತ. ಬೆಲ್ಲ ತಾ ಎಂದು ಹೆಂಡತಿಗೆ ಹೇಳಿದ. ಬೆಲ್ಲ ತಿಂದದ್ದಾದ ಮೇಲೆ, “ಈಕಿ ನೋವು ಭಾಳ ಆಗೇತೋ. ಏನ್ ಮಾಡ್ಲಿ?” ಎಂದು ಕೇಳಿದ. ಅಷ್ಟು ದಿನಗಳಲ್ಲಿ ಅವನು ಕೇಳಿದ್ದು ಅದೇ ಮೊದಲು.

ಮರುದಿನ ನಸುಕಿನಲ್ಲಿ ಗಂಡಹೆಂಡತಿ ಕೊಡ ಹಿಡಿದು ಸಿಹಿನೀರಿನ ಬಾವಿಗೆ ಬಂದರು. ಆಕೆ ಬದುಕಿಕೊಂಡಳು. ರೈತ ಮಾತ್ರ, ಅಂದು ನಾನು ಗಟ್ಟಿಸಿ ಹೇಳಿದ್ದಕ್ಕೇ ಅವರಿಗೆ ಬುದ್ಧಿ ಬಂತು ಎಂದು ಸಾಯುವವರೆಗೂ ಊರ ತುಂಬ ಹೇಳಿಕೊಂಡು ತಿರುಗಿದ.

ಗುರುಗಳು ಕತೆ ನಿಲ್ಲಿಸಿದರು. ಸತ್ಯಮಿತ್ರನ ಮುಖ ಅರಳಿತು.

“ತಿಳೀತ್ರಿ, ಅಯ್ಯನವರ. ನಾನೂ ಒಂದ್ಸಲ ಗಟ್ಟಿಸಿ ಹೇಳಬೇಕ್ರಿ.”

ಗುರುಗಳು ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಆಮೇಲೆ ಕೇಳಿದರು: “ನೀ ಹೋದಾಗ ಗೂಳಪ್ಪ ನಿನಗ ಏನೂ ಕೊಡಲಿಲ್ಲೇನು?”

“ಕೊಡಾಕ ಬರತಿದ್ದನ್ರಿ. ಮನ್ಯಾಗ ಹೆಣ್ಣುಮಕ್ಕಳು ಯಾರೂ ಇಲ್ಲ, ತಾನ ಒಲಿ ಹಚ್ಚಿ ಚಾ ಕಾಸತಿದ್ದ. ನಾ ಒಂದು ದಿನಾನೂ ಮುಟ್ಟಲಿಲ್ಲರಿ. ನಾವು ಕೊಡಾಕ ಹೋದಾವ್ರು, ಅವರ ಕಡಿಂದ ಇಸ್ಕೊಳ್ಳಾಕಲ್ಲ ಅಂತ ಗಟ್ಟಿ ಇದ್ದೆ.”

ಗುರುಗಳು ಅವನನ್ನೇ ದಿಟ್ಟಿಸಿ ನೋಡಿ ಹೇಳಿದರು:

“ಜೀವಜಲ ಕೊಡಾಕ ಬಂದ ಯೇಸುಸ್ವಾಮಿ ಬಾವಿ ಕಟ್ಟಿ ಮ್ಯಾಲೆ ಕುಂತು, ಆ ಸಮಾರ್ಯದ ಹೆಣ್ಣುಮಗಳ ಕಡೆ ಮೊದಲು ಕುಡಿಯಾಕ ನೀರು ಬೇಡಿದ, ನೀ ಆತಗಿಂತ ದೊಡ್ಡಾಂವೇನು?”